ಸುದ್ದಿ ಕಲಿಯುವವರಿಗೆ ಮೈಸೂರಿನಲ್ಲೊಂದು ದಿನ

ಮೈಸೂರಿಗೆ ಬಂದವರು ಏನೇನು ನೋಡಬೇಕೆಂಬ ಪಟ್ಟಿ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಮೃಗಾಲಯ, ಆಮೇಲೆ ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಹೊತ್ತು ಮಿಕ್ಕರೆ ದೇವರಾಜ ಮಾರುಕಟ್ಟೆ. ಪಿಯುಸಿ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಮಾತ್ರ ಈ ಊರಿಗೆ ಇನ್ನೊಂದು ಬಗೆಯ ಪ್ರವಾಸಿಗರೂ ಬರುತ್ತಾರೆ. ಅವರ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ, ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳಿರುತ್ತವೆ. ಮಗಳು ಮುಂದೆ, ಅಪ್ಪ ಅಮ್ಮ ಹಿಂದೆ. ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತ ಅರ್ಜಿ ಫಾರಂ ಎಲ್ಲಿ ಕೊಡುತ್ತಾರೆಂದು ವಿಚಾರಿಸುತ್ತಿರುತ್ತಾರೆ.

ಈ ಮಕ್ಕಳಲ್ಲಿ ಕೆಲವರು ಪತ್ರಿಕೋದ್ಯಮ ಓದುತ್ತೇನೆ ಎಂದು ಹಟ ಹಿಡಿದವರು. 'ಅದನ್ನು ಓದಿದರೆ ಕೆಲಸ ಸಿಗುತ್ತದೆಯೇ?' ಎನ್ನುವುದು ತಂದೆಯ ಪ್ರಶ್ನೆ. 'ರಾತ್ರಿ ಹೊತ್ತು ಮನೆಗೆ ಬರುವುದು ಹೇಗೆ?' ಎನ್ನುವುದು ತಾಯಿಯ ಆತಂಕ. ಮಕ್ಕಳ ಮನಸ್ಸಿನಲ್ಲಿ ಟಿ.ವಿ. ಪರದೆಯ ಮೇಲೆ ಮೈಕು ಹಿಡಿದು ನಿಂತ ತಮ್ಮದೇ ಚಿತ್ರ. ಈ ಮೂರರಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಆ ಓದಿನಲ್ಲಿ ನಿಜವಾಗಿ ಕಲಿಯುವುದೇನು ಎಂಬ ಮಾತು ಮಾತ್ರ ಮೂವರಿಂದಲೂ ಬರುವುದಿಲ್ಲ.

ಅದಕ್ಕೆ ಉತ್ತರ ಹುಡುಕಲು ಮೈಸೂರಿನಷ್ಟು ಒಳ್ಳೆಯ ಊರು ನಮ್ಮಲ್ಲಿ ಕಡಿಮೆ. ಅರಮನೆಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡು ಒಂದು ದಿನ ಈ ಬೇರೆ ದಾರಿಯಲ್ಲಿ ಸುತ್ತಾಡಿ ನೋಡಿ. ಅರ್ಧ ದಾರಿ ನಡಿಗೆ, ಉಳಿದದ್ದು ಬಸ್ಸು ಇಲ್ಲವೇ ಆಟೊ.

ಮಹಾರಾಜಾ ಕಾಲೇಜಿನ ಅಂಗಳ

ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರದಲ್ಲಿ ಮಹಾರಾಜಾ ಕಾಲೇಜು ಇದೆ. ಹಳೆಯ ಕಾಲದ ಎತ್ತರದ ಛಾವಣಿ, ಉದ್ದನೆಯ ಪಡಸಾಲೆ, ಹೊರಗೆ ಮರಗಳ ನೆರಳು. ಕುವೆಂಪು ವಿದ್ಯಾರ್ಥಿಯಾಗಿ ಬಂದು ಮುಂದೆ ಪ್ರಾಂಶುಪಾಲರಾದದ್ದು ಇಲ್ಲೇ. ರಾಷ್ಟ್ರಪತಿಯಾದ ರಾಧಾಕೃಷ್ಣನ್ ಒಂದು ಕಾಲಕ್ಕೆ ತತ್ವಶಾಸ್ತ್ರದ ಪಾಠ ಹೇಳಿದ್ದೂ ಇಲ್ಲೇ. ಈ ಸಂಗತಿಗಳು ಬಹಳ ಜನಕ್ಕೆ ಗೊತ್ತು. 1951ರಲ್ಲಿ ಇದೇ ಕಾಲೇಜಿನಲ್ಲಿ ಪತ್ರಿಕೋದ್ಯಮದ ತರಗತಿ ಆರಂಭವಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಸುದ್ದಿ ಬರೆಯುವುದನ್ನು ಕಾಲೇಜಿನಲ್ಲಿ ಕಲಿಸುವುದೆಂದರೆ ಆಗ ಹಲವರಿಗೆ ನಗೆಪಾಟಲಿನ ವಿಷಯ. ಪತ್ರಿಕಾ ಕಚೇರಿಯ ಮೇಜಿನ ಮುಂದೆ ಬೈಸಿಕೊಂಡೇ ಕಲಿಯಬೇಕು ಎಂಬುದು ಹಿರಿಯ ಸಂಪಾದಕರ ವಾದ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ 1941ರಲ್ಲಿ ಪತ್ರಿಕೋದ್ಯಮದ ತರಗತಿ ತೆರೆದಿತ್ತು. ಮದ್ರಾಸು, ಕಲ್ಕತ್ತೆಗಳು ಅದೇ ದಾರಿ ಹಿಡಿದವು. ಅವುಗಳ ಬೆನ್ನಿಗೇ ಬಂದದ್ದು ಮೈಸೂರು. ಇಲ್ಲಿ ವಿಭಾಗವನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ. ಭಾರತದ ಪತ್ರಿಕೆಗಳ ಚರಿತ್ರೆಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು 1966ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಪ್ರಕಟಿಸಿತು.

ಪದವಿ ತರಗತಿಯಲ್ಲಿ ಪತ್ರಿಕೋದ್ಯಮ ಒಂಟಿಯಾಗಿ ಬರುವ ವಿಷಯವಲ್ಲ. ಜೊತೆಗೆ ಇತಿಹಾಸವೋ, ಅರ್ಥಶಾಸ್ತ್ರವೋ, ರಾಜ್ಯಶಾಸ್ತ್ರವೋ, ಕನ್ನಡವೋ, ಇಂಗ್ಲಿಷೋ ಇರುತ್ತದೆ. ಕಾಲೇಜಿನಿಂದ ಕಾಲೇಜಿಗೆ ಈ ಜೋಡಣೆ ಬೇರೆಯಾಗುತ್ತದೆ. ಪೋಷಕರು ಹೆಚ್ಚು ವಿಚಾರಿಸಬೇಕಾದದ್ದು ಇದನ್ನೇ. ಹೇಗೆ ಬರೆಯಬೇಕೆಂದು ಪತ್ರಿಕೋದ್ಯಮ ಕಲಿಸುತ್ತದೆ. ಏನನ್ನು ಬರೆಯಬೇಕೆಂಬ ತಿಳಿವಳಿಕೆ ಬರುವುದು ಈ ಜೊತೆ ವಿಷಯಗಳಿಂದ. ನಗರಪಾಲಿಕೆಯ ಬಜೆಟ್ ಪ್ರತಿಯನ್ನು ಕೈಗೆ ಕೊಟ್ಟರೆ ಅರ್ಥಶಾಸ್ತ್ರ ಓದಿದ ಹುಡುಗ ಅದರಲ್ಲಿ ಸುದ್ದಿ ಕಾಣುತ್ತಾನೆ. ಓದದವನು ಮೇಯರ್ ಮಾಡಿದ ಭಾಷಣವನ್ನಷ್ಟೇ ಬರೆದುಕೊಂಡು ಬರುತ್ತಾನೆ.

ಇದೇ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಮುಗಿಸಿದ ಆರ್.ಕೆ. ನಾರಾಯಣ್ ಅವರ ಕಾಲಕ್ಕೆ ಪತ್ರಿಕೋದ್ಯಮದ ತರಗತಿ ಇರಲಿಲ್ಲ. ಕಾದಂಬರಿಗಾರರಾಗಿ ಹೆಸರು ಮಾಡುವ ಮೊದಲು ಅವರು ಮದ್ರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ವರದಿಗಾರರಾಗಿದ್ದರು. ಅಚ್ಚಾದ ಸುದ್ದಿಯ ಉದ್ದ ಅಳೆದು ಸಂಭಾವನೆ ಕೊಡುತ್ತಿದ್ದ ಕಾಲ. ಸುದ್ದಿಗಾಗಿ ಮೈಸೂರಿನ ಬೀದಿ ಬೀದಿ ಅಲೆದ ಆ ದಿನಗಳನ್ನು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರ 'ಮಿಸ್ಟರ್ ಸಂಪತ್' ಕಾದಂಬರಿಯ ಶ್ರೀನಿವಾಸ ವಾರಪತ್ರಿಕೆಯೊಂದರ ಸಂಪಾದಕ. ಆ ಪಾತ್ರ ಬರೆದವರಿಗೆ ಈ ಕಸುಬಿನ ಕಷ್ಟ ನಷ್ಟಗಳು ಕೇಳಿ ತಿಳಿದವಾಗಿರಲಿಲ್ಲ.

ತಾತಯ್ಯನವರ ಪಾಠ

ಮೈಸೂರಿನಲ್ಲಿ 'ತಾತಯ್ಯ' ಎಂದರೆ ಎಂ. ವೆಂಕಟಕೃಷ್ಣಯ್ಯ. ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಮೇಷ್ಟರ ಸಂಬಳದಲ್ಲಿ ಬದುಕುತ್ತಲೇ ಅವರು ಪತ್ರಿಕೆಗಳನ್ನು ನಡೆಸಿದರು. 1885ರಲ್ಲಿ ಆರಂಭವಾದ 'ವೃತ್ತಾಂತ ಚಿಂತಾಮಣಿ', ಆಮೇಲಿನ 'ಸಾಧ್ವಿ' ಅವರ ಹೆಸರಿನೊಂದಿಗೆ ಸೇರಿಹೋಗಿವೆ. ದಿವಾನರ ಆಡಳಿತದಲ್ಲಿ ತಪ್ಪು ಕಂಡರೆ ತಪ್ಪೆಂದು ಬರೆಯುತ್ತಿದ್ದರು.

1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೊಂದು ಕಟು ಕಾನೂನು ತಂದಿತು. ಸರ್ಕಾರಕ್ಕೆ ಹಿಡಿಸದ ಪತ್ರಿಕೆಯನ್ನು ಮುಚ್ಚಿಸುವ ಅಧಿಕಾರ ಸರ್ಕಾರದ ಕೈಗೇ ಬಂತು. ತಾತಯ್ಯನವರ ಮುಂದೆ ಎರಡು ದಾರಿಗಳಿದ್ದವು. ಸರ್ಕಾರ ಮೆಚ್ಚುವ ಹಾಗೆ ಬರೆದುಕೊಂಡು ಪತ್ರಿಕೆ ಉಳಿಸಿಕೊಳ್ಳುವುದು ಒಂದು, ಪತ್ರಿಕೆಯನ್ನೇ ನಿಲ್ಲಿಸುವುದು ಇನ್ನೊಂದು. ಅವರು ನಿಲ್ಲಿಸಿದರು. ವರ್ಷಗಟ್ಟಲೆ ಬೆವರು ಸುರಿಸಿ ಬೆಳೆಸಿದ್ದನ್ನು ತಮ್ಮ ಕೈಯಾರೆ ನಿಲ್ಲಿಸುವಾಗ ಆ ಮೇಷ್ಟರಿಗೆ ಏನೆನಿಸಿತೋ.

ಇಂದಿನ ತರಗತಿಗಳಲ್ಲಿ 'ಮಾಧ್ಯಮ ಕಾನೂನು' ಎಂಬ ಪತ್ರಿಕೆಯೊಂದಿರುತ್ತದೆ. ಅದನ್ನು ಪರೀಕ್ಷೆಗೆ ಉರು ಹೊಡೆಯುವ ವಿಷಯವೆಂದುಕೊಂಡವರು ತಾತಯ್ಯನವರ ಕಥೆಯನ್ನು ನೆನೆಯಬೇಕು. ನಮ್ಮ ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಪತ್ರಕರ್ತನಿಗೆ ಇರುವುದೂ ಅದೇ, ಬೇರೆ ವಿಶೇಷ ಹಕ್ಕೇನಿಲ್ಲ. 19(2) ಅದಕ್ಕೆ ಹಾಕಿರುವ ಮಿತಿಗಳನ್ನು ಹೇಳುತ್ತದೆ. ಮಾನನಷ್ಟ ಈಗಲೂ ಕ್ರಿಮಿನಲ್ ಅಪರಾಧವೇ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದೂ ಅಪರಾಧ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಕಚೇರಿಯ ಕಡತದಲ್ಲಿರುವುದನ್ನು ಕೇಳಿ ಪಡೆಯುವ ದಾರಿಯನ್ನು ಅದು ಸಾಮಾನ್ಯನಿಗೂ ತೆರೆಯಿತು. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ಯಾವುದನ್ನು ತಟ್ಟಿ ತೆರೆಸಬೇಕು ಎಂದು ತಿಳಿಯದ ವರದಿಗಾರ ತಾನೂ ತೊಂದರೆಗೆ ಸಿಕ್ಕುತ್ತಾನೆ, ಇತರರನ್ನೂ ಸಿಕ್ಕಿಸುತ್ತಾನೆ.

ಅಗ್ರಹಾರದ ಒಂದು ಹಾಳೆ

ಮಹಾರಾಜಾ ಕಾಲೇಜಿನಿಂದ ದಕ್ಷಿಣಕ್ಕೆ ಹೊರಟು ಹಳೆಯ ಮನೆಗಳ ಸಾಲುಗಳನ್ನು ದಾಟಿದರೆ ರಾಮಚಂದ್ರ ಅಗ್ರಹಾರ. ಈ ಬೀದಿಗಳಿಂದ ಸಂಸ್ಕೃತದಲ್ಲಿ ಒಂದು ದಿನಪತ್ರಿಕೆ ಹೊರಟಿತೆಂದರೆ ಹೊಸಬರು ನಂಬುವುದಿಲ್ಲ. ವಿದ್ವಾನ್ ವರದರಾಜ ಅಯ್ಯಂಗಾರ್ 1970ರ ಜುಲೈನಲ್ಲಿ 'ಸುಧರ್ಮಾ' ಆರಂಭಿಸಿದರು. ಮೊದಮೊದಲು ಅಚ್ಚುಮೊಳೆ ಜೋಡಿಸಿ ಮುದ್ರಣ, ಆಮೇಲೆ ಕಂಪ್ಯೂಟರ್. ಒಂದೇ ಹಾಳೆಯ ಪತ್ರಿಕೆ. ಸೈಕಲ್ ಹುಡುಗರು ಹಂಚುವ ಪತ್ರಿಕೆಯಲ್ಲ ಇದು. ದೂರದೂರದ ಓದುಗರನ್ನು ಅಂಚೆಯ ಮೂಲಕ ತಲುಪಿದ್ದು. ಅವರ ನಂತರ ಮಗ ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ಅದನ್ನು ಮುನ್ನಡೆಸಿದರು. 2020ರಲ್ಲಿ ದಂಪತಿಗೆ ಪದ್ಮಶ್ರೀ ಬಂತು. ಮರುವರ್ಷವೇ ಸಂಪತ್ ಕುಮಾರ್ ತೀರಿಕೊಂಡರು.

ಸಂಸ್ಕೃತ ಬಲ್ಲವರೆಷ್ಟು, ಓದುವವರೆಷ್ಟು ಎಂದು ಕೇಳುವುದು ಸುಲಭ. ಇಲ್ಲಿ ನೋಡಬೇಕಾದದ್ದು ಬೇರೆ. ಒಂದೇ ಹಾಳೆಯಲ್ಲಿ ಪ್ರಪಂಚದ ಸುದ್ದಿ ತುಂಬಬೇಕಾದರೆ ಎಷ್ಟೊಂದನ್ನು ಬಿಡಬೇಕಾಗುತ್ತದೆ! ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಸಂಪಾದನೆಯ ಅರ್ಧ ಕೆಲಸ. 'ಹೊಸ ಬಸ್ ನಿಲ್ದಾಣ' ಎಂಬ ಸುದ್ದಿಗೆ ಸಂಸ್ಕೃತದಲ್ಲಿ ಪದ ಹುಡುಕಬೇಕಾದವನು ಪ್ರತಿಯೊಂದು ಮಾತನ್ನೂ ತೂಗಿ ನೋಡುತ್ತಾನೆ. ಕನ್ನಡದಲ್ಲಿ ಬರೆಯುವ ನಮಗೂ ಅಷ್ಟು ಜಾಗ್ರತೆ ಇದ್ದರೆ ಪುಟಗಳು ಎಷ್ಟೋ ಹಗುರವಾದಾವು.

ಮೈಸೂರಿಗೆ ತನ್ನದೇ ಆದ ಪತ್ರಿಕೆಗಳು ಇನ್ನೂ ಇವೆ. 1972ರಲ್ಲಿ ಧಾರವಾಡದಲ್ಲಿ ರಾಜಶೇಖರ ಕೋಟಿ ಆರಂಭಿಸಿದ 'ಆಂದೋಲನ' ಆಮೇಲೆ ಮೈಸೂರಿಗೆ ಬಂದು ಇಲ್ಲೇ ಬೇರು ಬಿಟ್ಟಿತು. 1978ರಲ್ಲಿ ಆರಂಭವಾದ 'ಸ್ಟಾರ್ ಆಫ್ ಮೈಸೂರು' ಸಂಜೆಯ ಇಂಗ್ಲಿಷ್ ಪತ್ರಿಕೆ; ಕೆ.ಬಿ. ಗಣಪತಿ ಸ್ಥಾಪಿಸಿದ್ದು. ಅದೇ ಬಳಗದ ಕನ್ನಡ ಪತ್ರಿಕೆ 'ಮೈಸೂರು ಮಿತ್ರ'. ನಲ್ಲಿಯಲ್ಲಿ ನೀರು ಬರಲಿಲ್ಲ, ಕೆ.ಆರ್. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ಯಾವುದೋ ಬಡಾವಣೆಗೆ ಚಿರತೆ ನುಗ್ಗಿತು ಎಂಬ ಸುದ್ದಿಗಳನ್ನು ಇಂಥ ಪತ್ರಿಕೆಗಳಲ್ಲಿ ಜನ ಹುಡುಕಿ ಓದುತ್ತಾರೆ.

ಕಲಿಯುವ ಮಕ್ಕಳಿಗೆ ಇಂಥ ಊರಿನ ಒಂದು ಲಾಭವಿದೆ. ಇಂದು ಯಾರ ಬಗ್ಗೆ ಬರೆದಿರೋ ಅವರು ನಾಳೆ ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ ಎದುರಿಗೇ ಸಿಗುತ್ತಾರೆ. ಹೆಸರಿನ ಇನಿಷಿಯಲ್ ತಪ್ಪಾಗಿದ್ದರೂ ಕೇಳುತ್ತಾರೆ. ಆಡದ ಮಾತನ್ನು ಆಡಿದ್ದೇವೆಂದು ಬರೆದಿದ್ದರಂತೂ ಬಿಡುವುದಿಲ್ಲ. ಮಹಾನಗರದ ಗುಂಪಿನಲ್ಲಿ ಕರಗಿಹೋಗುವ ಸಣ್ಣ ಅಜಾಗರೂಕತೆ ಇಲ್ಲಿ ಮುಖಕ್ಕೆ ಮುಖ ಕೊಟ್ಟು ಉತ್ತರ ಕೇಳುತ್ತದೆ. ಕಲಿಕೆಯ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಮೇಷ್ಟರಿಲ್ಲ.

ಗಾಳಿಯಲ್ಲಿ ಬಂದ ಮಾತು

ಇನ್ನು ಆಟೊ ಹಿಡಿದು ರೈಲು ನಿಲ್ದಾಣದ ಆಚೆಗಿರುವ ಯಾದವಗಿರಿಗೆ ಹೋಗೋಣ. ಮೈಸೂರು ಆಕಾಶವಾಣಿ ಕೇಂದ್ರ ಇರುವುದು ಇಲ್ಲಿ. ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯೂ ಇದೇ ಬಡಾವಣೆಯಲ್ಲಿದ್ದು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರಿದ್ದರು. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ಸರ್ಕಾರಿ ಆದೇಶವಲ್ಲ, ದೊಡ್ಡ ಬಂಡವಾಳವೂ ಅಲ್ಲ. ಒಬ್ಬ ಮೇಷ್ಟರ ಕುತೂಹಲ. ಮೈಸೂರಿನ ಆ ಪುಟ್ಟ ನಿಲಯಕ್ಕೆ ಇದ್ದ 'ಆಕಾಶವಾಣಿ' ಎಂಬ ಹೆಸರನ್ನೇ 1950ರ ದಶಕದಲ್ಲಿ ಇಡೀ ದೇಶದ ರೇಡಿಯೊ ಜಾಲ ತನ್ನದಾಗಿಸಿಕೊಂಡಿತು.

ಬಾನುಲಿಗೆ ಬರೆಯುವುದು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಒಳ್ಳೆಯ ಕಸರತ್ತು. ಓದುಗ ಅರ್ಥವಾಗದಿದ್ದರೆ ಮತ್ತೊಮ್ಮೆ ಮೇಲಿನ ಸಾಲಿಗೆ ಹೋಗುತ್ತಾನೆ. ಕೇಳುಗನಿಗೆ ಆ ಸೌಲಭ್ಯವಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೋ, ಹೊಲದ ಬದುವಿನಲ್ಲಿ ಕೂತೋ ಕೇಳುತ್ತಿರುವವರಿಗೆ ಒಂದೇ ಸಲಕ್ಕೆ ತಿಳಿಯಬೇಕು. ವಾಕ್ಯ ಚಿಕ್ಕದಿರಬೇಕು, ಅಂಕಿ ಅಂಶ ಮಿತವಾಗಿರಬೇಕು, ಯಾರು ಹೇಳಿದರೆಂಬುದು ಮೊದಲೇ ಬರಬೇಕು. ಮಗನಾಗಲಿ ಮಗಳಾಗಲಿ ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿ ನೋಡಿ. ಅಜ್ಜಿಗೆ ಅರ್ಥವಾದರೆ ಬರಹ ದಾರಿಯಲ್ಲಿದೆ ಎಂದೇ ಲೆಕ್ಕ.

ಕುಕ್ಕರಹಳ್ಳಿ ಕೆರೆಯ ಆಚೆ

ಸಂಜೆಯ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ತಲುಪಿದರೆ ಏರಿಯ ಮೇಲೆ ತಂಗಾಳಿ, ನೀರಿನ ಅಂಚಿನಲ್ಲಿ ಹಕ್ಕಿಗಳು. ಕೆರೆಯ ಆಚೆಗಿರುವುದೇ ಮಾನಸಗಂಗೋತ್ರಿ, ಕುವೆಂಪು ಹೆಸರಿಟ್ಟ ಸ್ನಾತಕೋತ್ತರ ಕೇಂದ್ರ. ಮಹಾರಾಜಾ ಕಾಲೇಜಿನಲ್ಲಿ ಮೊಳೆತ ಪತ್ರಿಕೋದ್ಯಮದ ಓದು ಇಲ್ಲಿ ಎರಡು ವರ್ಷದ ಎಂ.ಎ. ಆಗಿ ಮುಂದುವರಿಯುತ್ತದೆ. ಬಿ.ಎ.ಯಲ್ಲಿ ಬೇರೆ ವಿಷಯ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬರುವವರೂ ಉಂಟು. ಹದಿನೆಂಟು ವರ್ಷಕ್ಕೇ ತೀರ್ಮಾನಿಸಲಾಗದ ಮಕ್ಕಳಿಗೆ ಇದೊಂದು ಸಮಾಧಾನದ ದಾರಿ. ಅಂದಹಾಗೆ, 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಏರ್ಪಾಡನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೇ ಮರಳಿತು.

ಕೆರೆ ಏರಿಯ ಕಲ್ಲು ಬೆಂಚಿನ ಮೇಲೆ ಕೂತು ಪೋಷಕರ ಮೊದಲ ಪ್ರಶ್ನೆಗೆ ಬರೋಣ. ಕೆಲಸ ಸಿಗುತ್ತದೆಯೇ? ಸಿಗುತ್ತದೆ, ಆದರೆ ಮೊದಲ ಕೆಲವು ವರ್ಷ ಸಂಬಳ ಕೈಗೆ ಹತ್ತುವುದಿಲ್ಲ. ಹೊತ್ತುಗೊತ್ತಿಲ್ಲದ ದುಡಿಮೆ. ಹಬ್ಬದ ದಿನವೂ ರಜೆ ಇದ್ದೀತೆಂಬ ಭರವಸೆಯಿಲ್ಲ. ಮುದ್ರಣ ಪತ್ರಿಕೆಗಳು ಹಿಂದಿನಷ್ಟು ಜನರನ್ನು ಸೇರಿಸಿಕೊಳ್ಳುತ್ತಿಲ್ಲ. ಇನ್ನೊಂದು ಕಡೆ ಅಂತರ್ಜಾಲ ಸುದ್ದಿತಾಣಗಳು, ಸಾಕ್ಷ್ಯಚಿತ್ರ, ಅನುವಾದ, ಸಾರ್ವಜನಿಕ ಸಂಪರ್ಕ, ಸರ್ಕಾರದ ವಾರ್ತಾ ಇಲಾಖೆ, ಅಧ್ಯಾಪನ ಎಂದು ದಾರಿಗಳು ಕವಲೊಡೆದಿವೆ. ಸ್ಪಷ್ಟವಾಗಿ ಬರೆಯಬಲ್ಲವರು, ಎರಡು ಭಾಷೆ ಬಲ್ಲವರು ಬರಿಗೈಯಲ್ಲಿ ಕೂರುವುದು ಕಡಿಮೆ.

ತಾಯಿಯ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ರಾತ್ರಿ ಪಾಳಿ ಈ ಕಸುಬಿನ ಭಾಗವೇ. ಕೆಲಸಕ್ಕೆ ಸೇರುವ ಮುನ್ನ ರಾತ್ರಿ ಮನೆ ಮುಟ್ಟಿಸಲು ವಾಹನವಿದೆಯೇ ಎಂದು ಕೇಳುವುದು ಸಂಕೋಚದ ಮಾತಲ್ಲ. ತರಬೇತಿಗೆ ಕಳುಹಿಸುವ ಕಾಲೇಜನ್ನೂ ಇದೇ ಪ್ರಶ್ನೆ ಕೇಳಬಹುದು.

ಇನ್ನು ಕಲಿಯುವುದೇನು ಎಂಬ ಮಾತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲೊಂದು ಘಟನೆ ನಡೆಯಿತು. ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ನಂಬಿ ಜನರ ಗುಂಪು ಮೇಲೆ ಬಿತ್ತು. ಅವರಲ್ಲೊಬ್ಬ ಪ್ರಾಣ ಕಳೆದುಕೊಂಡ. ಆ ಸುಳ್ಳು ಹರಡಿದ್ದು ಮೊಬೈಲ್ ಫೋನುಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ. ಕಳುಹಿಸಿದವರೆಲ್ಲ ದುಷ್ಟರೇನೂ ಆಗಿರಲಿಕ್ಕಿಲ್ಲ. ತಮ್ಮ ಊರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಅನೇಕರು ನಂಬಿದ್ದಿರಬೇಕು. ಇದು ನಿಜವೇ, ಯಾರು ನೋಡಿದ್ದು, ಪೊಲೀಸರು ಏನು ಹೇಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಸಂದೇಶ ಮುಂದೆ ದಾಟಿಸುವ ಮುನ್ನ ಕೇಳಿದ್ದರೆ ಸಾಕಿತ್ತು.

ಪತ್ರಿಕೋದ್ಯಮದ ತರಗತಿಯಲ್ಲಿ ಮೊದಲ ವಾರ ಕಲಿಸುವುದು ಇವೇ ಪ್ರಶ್ನೆಗಳನ್ನು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಮತ್ತು ನಿನಗೆ ಹೇಗೆ ಗೊತ್ತು? ಹಿಂದೆ ಸುದ್ದಿ ಹಂಚುವ ಶಕ್ತಿ ಕೆಲವರ ಕೈಯಲ್ಲಿತ್ತು, ಅವರಿಗಷ್ಟೇ ಈ ವಿದ್ಯೆ ಸಾಕಾಗುತ್ತಿತ್ತು. ಈಗ ಜೇಬಿನಲ್ಲಿ ಫೋನಿರುವ ಪ್ರತಿಯೊಬ್ಬನೂ ಸುದ್ದಿ ಹಂಚುವವನೇ. ನಿಮ್ಮ ಮಗಳು ಮುಂದೆ ಪತ್ರಕರ್ತೆಯಾಗದೆ ಬ್ಯಾಂಕು ಸೇರಿದರೂ, ಶಾಲೆ ಮೇಡಂ ಆದರೂ ಈ ಕಲಿಕೆ ಹಾಳಾಗುವುದಿಲ್ಲ.

ಹೋಗುವ ಮುನ್ನ, ಬಂದ ಮೇಲೆ

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿ.ಮೀ. ರೈಲು, ಬಸ್ಸು ಎರಡೂ ಧಾರಾಳವಾಗಿವೆ. ಬೆಳಿಗ್ಗೆ ಹೊರಟರೆ ಮೇಲಿನ ಜಾಗಗಳನ್ನೆಲ್ಲ ಒಂದು ದಿನದಲ್ಲಿ ನೋಡಿ ಮರಳಬಹುದು. ಕಾಲೇಜಿನ ಒಳಗೆ ಹೋಗಬೇಕಾದರೆ ಕೆಲಸದ ದಿನ ನೋಡಿಕೊಂಡು ಹೊರಡಿ.

ಮೈಸೂರಾಗಲಿ, ನಿಮ್ಮದೇ ಊರಾಗಲಿ, ಕಾಲೇಜು ಆರಿಸುವಾಗ ಕಟ್ಟಡಕ್ಕೂ ಸ್ಟುಡಿಯೊದ ದೀಪಗಳಿಗೂ ಮರುಳಾಗಬೇಡಿ. ವಿದ್ಯಾರ್ಥಿಗಳು ತಾವೇ ಬರೆದು ಹೊರತರುವ ಪ್ರಾಯೋಗಿಕ ಪತ್ರಿಕೆ ಇದೆಯೇ ಎಂದು ಕೇಳಿ, ಅದರ ಹಳೆಯ ಸಂಚಿಕೆ ತರಿಸಿ ಓದಿ. ವಾರಕ್ಕೆ ಎಷ್ಟು ಸಲ ಬರೆಸುತ್ತಾರೆ, ಬರೆದದ್ದನ್ನು ತಿದ್ದಿ ಕೊಡುವವರಿದ್ದಾರೆಯೇ, ರಜೆಯಲ್ಲಿ ಪತ್ರಿಕಾಲಯಕ್ಕೆ ತರಬೇತಿಗೆ ಕಳುಹಿಸುತ್ತಾರೆಯೇ, ಗ್ರಂಥಾಲಯಕ್ಕೆ ದಿನವೂ ಎಷ್ಟು ಪತ್ರಿಕೆಗಳು ಬರುತ್ತವೆ ಎಂದು ವಿಚಾರಿಸಿ.

ಮರಳುವ ರೈಲಿನಲ್ಲಿ ಮಗನಿಗೋ ಮಗಳಿಗೋ ಒಂದು ಕೆಲಸ ಕೊಡಿ. ಅಂದು ನೋಡಿದ್ದರಲ್ಲಿ ಒಂದೇ ಒಂದನ್ನು ಆರಿಸಿ ಇನ್ನೂರು ಪದಗಳಲ್ಲಿ ಬರೆಯಲಿ. ಬರೆದು ಮುಗಿದ ಮೇಲೆ ಒಂದೊಂದು ಸಾಲಿಗೂ 'ಇದು ನಿನಗೆ ಹೇಗೆ ಗೊತ್ತು?' ಎಂದು ಕೇಳಿ. ಸಿಡುಕಿ ಕಾಗದ ಮಡಿಸಿಟ್ಟರೆ ಇನ್ನಷ್ಟು ದಿನ ಯೋಚಿಸಲು ಬಿಡಿ. ಪೆನ್ನು ತೆಗೆದು ಎರಡು ಸಾಲು ಹೊಡೆದುಹಾಕಿ, ಮೂರನೆಯದರ ಪಕ್ಕದಲ್ಲಿ 'ಕೇಳಿ ತಿಳಿಯಬೇಕು' ಎಂದು ಗುರುತು ಹಾಕಿಕೊಂಡರೆ, ಮರುದಿನವೇ ಅರ್ಜಿ ಫಾರಂ ತುಂಬಿಸಿ.